ಲೆನ್ಸ್ ಡಬ್ಬಿಗೆ ನಲ್ಲಿ ನೀರು ಬೇಡ

ಪ್ರಶ್ನೆ: ನಾನು ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದೇನೆ. ತಿಂಗಳಿಗೊಮ್ಮೆ ಬದಲಾಯಿಸುವ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುತ್ತೇನೆ. ಲೆನ್ಸ್ ಇಡುವ ಡಬ್ಬಿಯನ್ನು ಬೋರ್‌ವೆಲ್ ನೀರಿನಲ್ಲೇ ತೊಳೆಯುತ್ತೇನೆ. ಲೆನ್ಸ್ ಶುಚಿಮಾಡಿ ನೆನೆಸಿಡುವ ಸೊಲ್ಯೂಷನ್ ಮುಗಿದಾಗ ಕುದಿಸಿ ಆರಿಸಿದ ನೀರಿನಲ್ಲಿ ಲೆನ್ಸ್ ಇಟ್ಟಿದ್ದೂ ಉಂಟು. ಊರಿಗೆ ಹೋಗುವಾಗ ರಾತ್ರಿ ಬಸ್ಸಿನಲ್ಲಿ ಲೆನ್ಸ್ ತೆಗೆಯದೆ ಮಲಗುತ್ತೇನೆ. ಕಳೆದ ತಿಂಗಳು ಬಲಗಣ್ಣು ಕೆಂಪಾಗಿತ್ತು, ಮೆಡಿಕಲ್ ಶಾಪಿನಲ್ಲಿ ಕೊಟ್ಟ ಡ್ರಾಪ್ಸ್ ಹಾಕಿದ ಮೇಲೆ ಕಡಿಮೆಯಾಯಿತು. ಈಗ ಅದೇ ಕಣ್ಣಿಗೆ ಬೆಳಕು ಬಿದ್ದರೆ ಚುಚ್ಚಿದಂತಾಗುತ್ತದೆ. ಏನು ಮಾಡಲಿ? – ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮಿಕ್ಕದ್ದನ್ನು ಆಮೇಲೆ ಓದಿ, ಮೊದಲು ಎರಡೂ ಕಣ್ಣಿನ ಲೆನ್ಸ್ ತೆಗೆದಿಟ್ಟು ಇಂದೇ ನೇತ್ರತಜ್ಞರ ಬಳಿಗೆ ಹೋಗಿ. ಲೆನ್ಸ್ ಹಾಕುವವರ ಕಣ್ಣು ಕೆಂಪಾಗಿ, ನೋವು ಬಂದು, ಬೆಳಕನ್ನು ಸಹಿಸಲಾಗದಂತಾದರೆ ಅದನ್ನು ಸಾಮಾನ್ಯ ಕಣ್ಣುಬೇನೆ ಎಂದುಕೊಂಡು ಕಾಯಬಾರದು. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ, ತೊಳೆಯದೆ, ಹಾಗೆಯೇ ಜೊತೆಗೆ ಒಯ್ಯಿರಿ. ಸೋಂಕು ಇದ್ದಲ್ಲಿ ಯಾವ ಸೂಕ್ಷ್ಮಜೀವಿಯಿಂದ ಬಂದದ್ದೆಂದು ತಿಳಿಯಲು ಪ್ರಯೋಗಾಲಯಕ್ಕೆ ಅವು ಉಪಯೋಗಕ್ಕೆ ಬರುತ್ತವೆ. ಹಿಂದೆ ಹಾಕಿಕೊಂಡ ಡ್ರಾಪ್ಸ್ ಬಾಟಲಿಯನ್ನೂ ತೋರಿಸಿ. ಅದರಲ್ಲಿ ಸ್ಟೀರಾಯ್ಡ್ ಇದ್ದಿದ್ದರೆ ಕೆಂಪು ಇಳಿದಂತೆ ಕಂಡರೂ ಒಳಗಿನ ಸೋಂಕು ಹಾಗೆಯೇ ಬೆಳೆದಿರಬಹುದು. ಚೀಟಿಯಿಲ್ಲದೆ ಕಣ್ಣಿನ ಡ್ರಾಪ್ಸ್ ಕೊಡುವ, ಕೇಳಿ ಪಡೆಯುವ ಈ ರೂಢಿ ನಮ್ಮಲ್ಲಿ ನಿಲ್ಲಲೇಬೇಕು.

ಇನ್ನು ನೀರಿನ ವಿಷಯ. ಬೋರ್‌ವೆಲ್, ನಲ್ಲಿ, ಓವರ್‌ಹೆಡ್ ಟ್ಯಾಂಕ್, ಈಜುಕೊಳ, ಎಲ್ಲ ಕಡೆಯ ನೀರಿನಲ್ಲೂ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಕುಡಿದರೆ ಸಾಮಾನ್ಯವಾಗಿ ಏನೂ ಆಗದ ಆ ನೀರೇ ಲೆನ್ಸಿನ ಮೂಲಕ ಕಣ್ಣು ಸೇರಿದರೆ, ಲೆನ್ಸಿನ ಉಜ್ಜಾಟದಿಂದ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲೆ ಆಗಿರುವ ಸಣ್ಣ ಗೀರುಗಳ ಮೂಲಕ ಆ ಜೀವಿ ಒಳನುಗ್ಗಬಲ್ಲದು. ಪ್ರತಿಕೂಲ ಸ್ಥಿತಿಯಲ್ಲಿ ಅದು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುವುದರಿಂದ ನೀರಿಗೆ ಹಾಕುವ ಕ್ಲೋರಿನ್ನಿಗೂ ಸುಲಭವಾಗಿ ಸಾಯುವುದಿಲ್ಲ. ಸೋಂಕು ಅಪರೂಪವೇ ಸರಿ, ಆದರೆ ತಗುಲಿದರೆ ತಿಂಗಳುಗಟ್ಟಲೆ ಔಷಧ ಹಾಕಬೇಕಾಗುತ್ತದೆ. ಕೆಲವರಿಗೆ ಕಾರ್ನಿಯಾ ಕಸಿಯವರೆಗೂ ಹೋಗುತ್ತದೆ. ಕುದಿಸಿದ ನೀರಾಗಲಿ ಆರ್‌ಒ ನೀರಾಗಲಿ ಪರಿಹಾರವಲ್ಲ. ಆರಿಸಿಟ್ಟ ಪಾತ್ರೆಯಲ್ಲಿ ಅದು ಮತ್ತೆ ಮಲಿನವಾಗುತ್ತದೆ. ಅದಕ್ಕೆ ಲೆನ್ಸಿನ ಮೇಲಿನ ರೋಗಾಣುಗಳನ್ನು ಕೊಲ್ಲುವ ಶಕ್ತಿಯೂ ಇಲ್ಲ. ಕಣ್ಣೀರಿನಲ್ಲಿರುವ ಲವಣ ಸಾದಾ ನೀರಿನಲ್ಲಿ ಇಲ್ಲದಿರುವುದರಿಂದ ಮೆದು ಲೆನ್ಸ್ ಉಬ್ಬಿ ಕಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳಲೂಬಹುದು. ಬರಿಯ ಸಲೈನ್ (ಉಪ್ಪಿನ ದ್ರಾವಣ) ಕೂಡ ತೊಳೆಯುವುದಕ್ಕಷ್ಟೇ, ರಾತ್ರಿಯಿಡೀ ಲೆನ್ಸ್ ಇಡುವುದಕ್ಕಲ್ಲ.

ಬೆಳಿಗ್ಗೆ ಲೆನ್ಸ್ ಹಾಕಿಕೊಂಡ ಕೂಡಲೇ ಡಬ್ಬಿಯಲ್ಲಿ ಉಳಿದ ಸೊಲ್ಯೂಷನ್ ಪೂರ್ತಿ ಚೆಲ್ಲಿ. ತೊಳೆದು ಒರೆಸಿದ ಬೆರಳಿನಿಂದ ಒಳಗೋಡೆಯನ್ನು ಮುಟ್ಟಿ ನೋಡಿದರೆ ಒಮ್ಮೊಮ್ಮೆ ಜಾರುವ ಲೋಳೆಯಂಥ ಪದರ ಸಿಗುತ್ತದೆ. ರೋಗಾಣುಗಳು ಬೀಡುಬಿಡುವುದು ಅಲ್ಲಿಯೇ. ಹೊಸ ಸೊಲ್ಯೂಷನ್ ಹಾಕಿ ಬೆರಳಿನಿಂದ ಉಜ್ಜಿ, ಚೆಲ್ಲಿ, ಶುಭ್ರ ಟಿಶ್ಯೂವಿನಿಂದ ಒರೆಸಿ, ಮುಚ್ಚಳ ತೆರೆದು ಬೋರಲು ಹಾಕಿಡಿ. ಬಾತ್‌ರೂಮಿನಲ್ಲಿ ಮಾತ್ರ ಬೇಡ. ರಾತ್ರಿ ಹಳೆಯದಕ್ಕೆ ಹೊಸದನ್ನು ಬೆರೆಸಬೇಡಿ, ಬೆರೆಸಿದರೆ ಅದರ ರೋಗಾಣುನಾಶಕ ಶಕ್ತಿ ಕುಗ್ಗುತ್ತದೆ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಾಯಿಸಿ.

ಬಸ್ಸಿನ ನಿದ್ದೆಯೂ ಸಣ್ಣ ವಿಷಯವಲ್ಲ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಎಚ್ಚರವಿದ್ದಾಗ ಅದು ಆಮ್ಲಜನಕವನ್ನು ಬಹುಮಟ್ಟಿಗೆ ಗಾಳಿಯಿಂದಲೇ ಪಡೆಯುತ್ತದೆ. ರೆಪ್ಪೆ ಮುಚ್ಚಿದಾಗ ಆ ಪೂರೈಕೆ ಹೇಗೂ ಇಳಿಯುತ್ತದೆ. ಲೆನ್ಸ್ ಬೇರೆ ಇದ್ದರೆ ಇನ್ನಷ್ಟು ಇಳಿದು, ಸೋಂಕಿನ ಅಪಾಯ 6ರಿಂದ 8 ಪಟ್ಟು ಹೆಚ್ಚುತ್ತದೆ. ಹೊರಡುವ ಮುನ್ನ ಹಾಸ್ಟೆಲಿನಲ್ಲೇ ಕೈ ತೊಳೆದು, ಒಣಗಿಸಿ, ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ. ಲೆನ್ಸ್ ಇದ್ದವರ ಬಳಿ ಸರಿಯಾದ ನಂಬರಿನ ಕನ್ನಡಕ ಇರಲೇಬೇಕು, ಇಲ್ಲದಿದ್ದರೆ ಕಣ್ಣು ನೋಯುತ್ತಿದ್ದರೂ ಲೆನ್ಸ್ ಹಾಕಿಕೊಳ್ಳುವ ಅನಿವಾರ್ಯತೆ ಬರುತ್ತದೆ. ವೈದ್ಯರು ಕಣ್ಣು ಪೂರ್ಣ ಗುಣವಾಗಿದೆ ಎಂದು ಹೇಳುವವರೆಗೂ ನೀವು ಕನ್ನಡಕದಲ್ಲೇ ಇರಿ.

ಪ್ರಶ್ನೆ: ಮಗಳ ಮದುವೆಗೆ ಬ್ಯೂಟಿ ಪಾರ್ಲರಿನವರು ಬಣ್ಣದ ಲೆನ್ಸ್ ಹಾಕುತ್ತಾರಂತೆ. ನಂಬರಿಲ್ಲದ ಲೆನ್ಸ್ ಆದ್ದರಿಂದ ಪರೀಕ್ಷೆ ಬೇಡವೆನ್ನುತ್ತಾರೆ. ಒಪ್ಪಬಹುದೆ? – ಗೃಹಿಣಿ, ಶಿರಸಿ

ಉತ್ತರ: ಒಪ್ಪಬೇಡಿ. ನಂಬರು ಇರಲಿ ಬಿಡಲಿ, ಲೆನ್ಸ್ ಕೂರುವುದು ಕಾರ್ನಿಯಾದ ಮೇಲೆಯೇ. ಅದರ ಬಾಗು ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುವುದರಿಂದ ಅಳತೆ ನೋಡಿಯೇ ಕೊಡಬೇಕು. ಒಬ್ಬ ಮದುಮಗಳಿಗೆ ಹಾಕಿದ್ದನ್ನು ಇನ್ನೊಬ್ಬಳಿಗೆ ಹಾಕುವುದಂತೂ ಸಲ್ಲದು. ಮಗಳಿಗೆ ಆಸೆಯಿದ್ದರೆ ಮದುವೆಗೆ ಕೆಲವು ವಾರ ಮೊದಲೇ ನೇತ್ರ ಪರೀಕ್ಷೆ ಮಾಡಿಸಿ, ದಿನಕ್ಕೊಂದು ಬಳಸಿ ಎಸೆಯುವ ಜೋಡಿ ಕೊಡಿಸಿ, ಹಾಕಿ ತೆಗೆಯುವುದನ್ನು ಅವಳೇ ಕಲಿಯಲಿ. ಕಾಡಿಗೆ, ಮೇಕಪ್ಪಿಗೆ ಮೊದಲು ಲೆನ್ಸ್ ಹಾಕಬೇಕು. ಮೇಕಪ್ ತೆಗೆಯುವ ಮುಂಚೆ ಲೆನ್ಸ್ ತೆಗೆಯಬೇಕು. ಹೋಮದ ಹೊಗೆಯಲ್ಲಿ ಬಹಳ ಹೊತ್ತು ಕೂರುವ ಶಾಸ್ತ್ರಗಳಿದ್ದರೆ ಅವು ಮುಗಿದ ಮೇಲೆ, ಆರತಕ್ಷತೆಗೆ ಮಾತ್ರ ಹಾಕಿಕೊಳ್ಳುವುದು ಮೇಲು.