ಊರಿನ ಹೆಂಗಸರಿಗೂ ಶಾಲೆ ಬಿಟ್ಟ ಹುಡುಗಿಯರಿಗೂ ಕಲಿಕಾ ಕೇಂದ್ರ ತೆರೆಯುವುದಾದರೆ ಎಲ್ಲಿಂದ ಆರಂಭಿಸಬೇಕು?

ನಿಮ್ಮ ಊರಿನಲ್ಲಿ ಖಾಲಿ ಬಿದ್ದಿರುವ ಮನೆಯೊಂದನ್ನು ಓದು ಬರಹ ಬಾರದ ಹೆಂಗಸರಿಗೂ ಶಾಲೆ ಬಿಟ್ಟ ಹುಡುಗಿಯರಿಗೂ ಕಲಿಕಾ ಕೇಂದ್ರವಾಗಿ ಮಾಡಬೇಕೆಂದಿದ್ದೀರಿ; ಯಾವ ಪಠ್ಯ ತರಬೇಕು, ಎಷ್ಟು ಕಂಪ್ಯೂಟರ್ ಬೇಕು ಎಂದು ಕೇಳಿದ್ದೀರಿ. ಕೊಪ್ಪಳ, ರಾಯಚೂರು ಕಡೆಯ ಮಹಿಳಾ ಸಂಘಗಳೊಂದಿಗೆ ಹಲವು ವರ್ಷ ಕೆಲಸ ಮಾಡಿದವಳಾಗಿ ನಾನು ಹೇಳುವುದಿಷ್ಟು: ಕಂಪ್ಯೂಟರಿನ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಆ ಊರಿನ ಹೆಂಗಸರಿಗೆ ಯಾವ ಕೆಲಸಕ್ಕಾಗಿ ಓದು ಬೇಕಾಗಿದೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಂಡ ಮೇಲೆಯೇ ಪಠ್ಯವನ್ನು ಆರಿಸಿ.

ಈ ದಾರಿ ನಮ್ಮ ರಾಜ್ಯಕ್ಕೆ ಹೊಸದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಬಂದ ಮಹಿಳಾ ಸಮಖ್ಯಾ ಕಾರ್ಯಕ್ರಮ ಮೊದಲು ಆರಂಭವಾದದ್ದು ಕರ್ನಾಟಕ, ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ ಇದ್ದು, ಆಕೆ ಬಡ ಹೆಂಗಸರನ್ನು, ಅದರಲ್ಲೂ ದಲಿತ ಕೂಲಿಕಾರ ಹೆಂಗಸರನ್ನು ಸಂಘವಾಗಿ ಕೂಡಿಸುತ್ತಿದ್ದಳು. ಸಂಘದ ಸಭೆಗಳಲ್ಲಿ ಮೊದಲು ಬಂದ ಮಾತು ಅಕ್ಷರದ್ದಲ್ಲ. ಕುಡಿಯುವ ನೀರು, ಕೂಲಿ, ಗಂಡನ ಕುಡಿತ, ಹೊಡೆತ ಇವೇ ಅಲ್ಲಿನ ವಿಷಯಗಳಾಗಿದ್ದವು. ಉಳಿತಾಯದ ಲೆಕ್ಕ ಬರೆಯಬೇಕಾದಾಗ, ಬ್ಯಾಂಕಿಗೆ ಹೋಗಬೇಕಾದಾಗ, ಪಂಚಾಯಿತಿ ಸದಸ್ಯೆಯಾಗಿ ಆರಿಸಿ ಬಂದು ನಡಾವಳಿ ಪುಸ್ತಕಕ್ಕೆ ಸಹಿ ಹಾಕಬೇಕಾದಾಗ ಅವರೇ ಕಲಿಸಿ ಎಂದು ಕೇಳಿದರು. ಹಾಗೆ ಕೇಳಿ ಪಡೆದ ಅಕ್ಷರ ಉಳಿಯುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಆ ಕಾರ್ಯಕ್ರಮಕ್ಕೆ ನೀಡುತ್ತಿದ್ದ ನೆರವನ್ನು ನಿಲ್ಲಿಸಿದ್ದು ಹಳ್ಳಿಯ ಹೆಂಗಸರಿಗೆ ಆದ ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಕಲಿಕೆ ಹೇಗೆ ಸಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಹೆಬ್ಬೆಟ್ಟು ಒತ್ತುವ ಹೆಂಗಸು ಮೊದಲು ಬಯಸುವುದು ತನ್ನ ಹೆಸರು ಬರೆಯುವುದನ್ನು. ಆದರೆ ನಮ್ಮ ಕಡೆಯ ಯಲ್ಲಮ್ಮ, ದುರ್ಗಮ್ಮ ಮುಂತಾದ ಹೆಸರುಗಳಲ್ಲೆಲ್ಲ ಒತ್ತಕ್ಷರವಿದೆ. ಅಆಇಈಯಿಂದ ಆರಂಭಿಸಿದರೆ ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಕಳೆ ತೆಗೆಯುವ ಕಾಲ ಬಂದು ಅರ್ಧ ತರಗತಿ ಖಾಲಿಯಾಗಿರುತ್ತದೆ. ಆದ್ದರಿಂದ ಹೆಸರನ್ನು ಇಡಿಯಾಗಿ ನೋಡಿ ಬರೆಯಲು ಕೊಟ್ಟು, ಆಮೇಲೆ ಅದೇ ಹೆಸರಿನ ‘ಯ’, ‘ಲ’, ‘ಮ’ಗಳನ್ನು ಬಿಡಿಸಿ ‘ಮಲ’, ‘ಯಮ’, ‘ಲಯ’ ಎಂದು ಮುಂದುವರಿಯುವುದು ಒಳ್ಳೆಯದು. ಎರಡನೆಯ ಪಠ್ಯವಾಗಿ ಅವರವರ ಪಾಸ್‌ಬುಕ್ಕನ್ನೇ ತೆರೆಸಿ. ಸಾಲಿನ ಮೇಲೆ ಬೆರಳಿಟ್ಟು ಜಮಾ ಎಷ್ಟು, ತೆಗೆದದ್ದೆಷ್ಟು, ಬಾಕಿ ಎಷ್ಟು ಎಂದು ತಾನೇ ಓದಿಕೊಂಡ ಹೆಂಗಸು ಮರುದಿನ ಕರೆಯದೆಯೇ ಬರುತ್ತಾಳೆ. ಅನಂತರ ಉದ್ಯೋಗ ಖಾತರಿಯ ಜಾಬ್ ಕಾರ್ಡು, ಪಡಿತರ ಚೀಟಿ, ಮಾತ್ರೆಯ ಪಟ್ಟಿ, ಬಸ್ಸಿನ ಬೋರ್ಡು ಇವೆಲ್ಲ ಪಠ್ಯವಾಗಬಲ್ಲವು.

ನಲವತ್ತು ದಾಟಿದವರು ಪುಸ್ತಕವನ್ನು ದೂರ ಹಿಡಿದು ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದರೆ ಅವರ ಮಾತನ್ನು ಹಾಗೆಯೇ ನಂಬಬೇಡಿ. ಮೊದಲು ಕಣ್ಣಿನ ತಪಾಸಣೆ ಮಾಡಿಸಿ. ಹತ್ತಿರದ ದೃಷ್ಟಿ ಕುಂದಿರುವವರಿಗೆ ಓದುವ ಕನ್ನಡಕ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ತರಗತಿಯ ಹೊತ್ತನ್ನು ಅಡುಗೆ ಮುಗಿದ ಮೇಲೆ ಅವರೇ ನಿಗದಿ ಮಾಡಲಿ. ಸುಗ್ಗಿಯಲ್ಲಿ, ಗುಳೆ ಹೋಗುವ ತಿಂಗಳುಗಳಲ್ಲಿ ಹಾಜರಿ ಕುಸಿಯುವುದು ಸಹಜವಾದ್ದರಿಂದ ವರ್ಷದ ಯೋಜನೆಯನ್ನು ಅದಕ್ಕೆ ತಕ್ಕಂತೆ ಹಾಕಿಕೊಳ್ಳಿ.

ಹುಡುಗಿಯರ ವಿಷಯವೇ ಬೇರೆ. ಅವರನ್ನು ತಾಯಂದಿರ ಸಾಲಿನಲ್ಲಿ ಕೂರಿಸಬೇಡಿ. ಹದಿನಾಲ್ಕು ತುಂಬದ ಹುಡುಗಿಗೆ ನಿಮ್ಮ ಕೇಂದ್ರವು ಶಾಲೆಯ ಬದಲಿಯಾಗಕೂಡದು ಎಂಬುದನ್ನು ಒತ್ತಿ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ನಡುವೆ ಶಾಲೆ ಬಿಟ್ಟ ಮಗುವನ್ನು ಆಕೆಯ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಹಾಗೆ ಸೇರಿದವಳಿಗೆ ಹದಿನಾಲ್ಕು ದಾಟಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮುಖ್ಯೋಪಾಧ್ಯಾಯರಲ್ಲಿ ಈ ಮಾತನ್ನು ಧೈರ್ಯವಾಗಿ ಹೇಳಿ. ಊರಿನಿಂದ ಶಾಲೆ ದೂರವಾದರೆ ಹತ್ತಿರದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ವಸತಿ ಸಿಗುವುದೇ ಎಂದು ವಿಚಾರಿಸಿ. ಅದಕ್ಕಿಂತ ದೊಡ್ಡವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವೋ ಖಾಸಗಿ ಅಭ್ಯರ್ಥಿಯಾಗಿಯೋ ಹತ್ತನೆಯ ತರಗತಿ ಪರೀಕ್ಷೆ ಬರೆಯುವ ದಾರಿಯಿದೆ. ಅರ್ಜಿ ತುಂಬುವುದು, ವರ್ಗಾವಣೆ ಪತ್ರ ಹುಡುಕಿಸುವುದು, ಗಣಿತ ಹಾಗೂ ಇಂಗ್ಲಿಷಿಗೆ ಸಂಜೆ ಪಾಠ ಹೇಳುವುದು ಇವಿಷ್ಟನ್ನು ಕೇಂದ್ರ ಮಾಡಿದರೂ ಮದುವೆಯ ಮಾತು ಒಂದೆರಡು ವರ್ಷ ಮುಂದಕ್ಕೆ ಹೋಗುವ ಸಾಧ್ಯತೆ ಇರುತ್ತದೆ.

ಕೊನೆಯದಾಗಿ, ಕೇಂದ್ರವನ್ನು ನಡೆಸುವವರ ವಿಷಯ. 2009ರ ಸಾಕ್ಷರ ಭಾರತ ಯೋಜನೆಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ತಿಂಗಳಿಗೆ 2,000 ರೂಪಾಯಿ ಗೌರವಧನದ ಪ್ರೇರಕರು, ಅಂದರೆ ಕೇಂದ್ರವನ್ನು ನೋಡಿಕೊಳ್ಳುವವರು, ಇದ್ದರು. 2018ರಲ್ಲಿ ಯೋಜನೆ ಮುಗಿದಾಗ ಅವರ ಕೆಲಸವೂ ಮುಗಿಯಿತು. ಕೇಂದ್ರ ಸರ್ಕಾರದ ಈಗಿನ ಸಾಕ್ಷರತಾ ಕಾರ್ಯಕ್ರಮವಾದ ಉಲ್ಲಾಸ್ ಹದಿನೈದು ವರ್ಷ ಮೇಲ್ಪಟ್ಟವರಿಗಾಗಿ ಇದ್ದು, ಸ್ವಯಂಸೇವಕರನ್ನೇ ನಂಬಿ ನಡೆಯುತ್ತದೆ. ಪುಸ್ತಕ ಮತ್ತು ಪರೀಕ್ಷೆಗಾಗಿ ಜಿಲ್ಲೆಯ ವಯಸ್ಕರ ಶಿಕ್ಷಣ ಕಚೇರಿಯನ್ನು ಸಂಪರ್ಕಿಸಿ. ಆದರೆ ಕಲಿಸುವವಳಿಗೆ ಸಂಬಳ ನೀವೇ ಕೊಡಿ. ನಿಮ್ಮಲ್ಲಿರುವ ಹಣದ ಬಹುಪಾಲು ಅದಕ್ಕೇ ಹೋಗಲಿ. ಅದೇ ಊರಿನ, ಹತ್ತನೆಯ ತರಗತಿ ಓದಿದ ಸೊಸೆಯೊಬ್ಬಳು ಹೊರಗಿನಿಂದ ಬರುವ ಪದವೀಧರೆಗಿಂತ ಮೇಲು. ಓದಲು ಕಲಿತವರಿಗೆ ಮುಂದೆ ಓದಲು ಏನಾದರೂ ಇರಬೇಕಲ್ಲ! ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಪುಸ್ತಕಗಳಿರುತ್ತವೆ, ಆದರೆ ಗಂಡಸರು ಪತ್ರಿಕೆ ಹಿಡಿದು ಕುಳಿತಿರುವ ಹೊತ್ತಿನಲ್ಲಿ ಹೆಂಗಸರು ಒಳಗೆ ಕಾಲಿಡುವುದು ಕಷ್ಟ. ವಾರಕ್ಕೆ ಎರಡು ಮಧ್ಯಾಹ್ನ ಹೆಂಗಸರಿಗೆಂದೇ ಮೀಸಲಿಡುವಂತೆ ಗ್ರಂಥಪಾಲಕರನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೂ ಈಗಲೇ ಕೇಳಿ, ಅದನ್ನು ಪಂಚಾಯಿತಿ ಸಭೆಯ ನಡಾವಳಿಯಲ್ಲಿ ಬರೆಸಿಕೊಳ್ಳಿ.