ಪಕ್ಕದವರ ಆಕಳಿಕೆ ನಮಗೇಕೆ ಬರುತ್ತದೆ?

ಪ್ರಶ್ನೆ: ಕುಮಟಾ ಕಡೆ ಬಯಲಾಟ ನೋಡಲು ಹೋದಾಗ, ಮುಂದಿನ ಸಾಲಿನಲ್ಲಿ ಒಬ್ಬರು ಆಕಳಿಸಿದರೆ ನಿದ್ದೆಯ ಸುಳಿವೇ ಇಲ್ಲದ ನನಗೂ ಆಕಳಿಕೆ ಬರುತ್ತದೆ. ಜನ ಸೇರಿದಲ್ಲಿ ಆಮ್ಲಜನಕ ಕಡಿಮೆಯಾಗುವುದೇ ಕಾರಣ ಎನ್ನುತ್ತಾರೆ, ನಿಜವೇ? ಆಟ ಮುಗಿಸಿ ಬೆಳಗಿನ ಜಾವ ದೇವಿಮನೆ ಘಟ್ಟ ಹತ್ತುವಾಗ, ಕಾರಿನ ಮುಂದಿನ ಸೀಟಿನಲ್ಲಿ ಕುಳಿತ ನಾನು ಆಕಳಿಸಿದರೆ ಓಡಿಸುವವರಿಗೂ ನಿದ್ದೆ ಬರುತ್ತದೆ ಎಂದು ಮನೆಯವರು ಬೈಯುತ್ತಾರೆ. ಅದರಲ್ಲಿ ಹುರುಳಿದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಆಮ್ಲಜನಕದ ಮಾತನ್ನು ಮೊದಲು ಬದಿಗಿಡೋಣ. ಕಡಲ ಗಾಳಿ ಬೀಸುವ ಬಯಲಿನಲ್ಲಿ ಎಷ್ಟೇ ಜನ ಕುಳಿತರೂ ಉಸಿರಿಗೆ ಕೊರತೆಯಾಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಒಮ್ಮೆ ಶುದ್ಧ ಆಮ್ಲಜನಕವನ್ನೂ ಇನ್ನೊಮ್ಮೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ಗಾಳಿಯನ್ನೂ ಉಸಿರಾಡಲು ಕೊಟ್ಟಾಗ, ಎರಡನೆಯದರಲ್ಲಿ ಉಸಿರಾಟ ಚುರುಕಾಯಿತೇ ಹೊರತು ಆಕಳಿಕೆಗಳು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಗಾಳಿಯನ್ನೇ ಉಸಿರಾಡದ ಗರ್ಭಸ್ಥ ಶಿಶುವೂ ಮೂರನೆಯ ತಿಂಗಳ ಸುಮಾರಿಗೆ ಆಕಳಿಸತೊಡಗುತ್ತದೆ ಎಂಬುದನ್ನು ನೆನೆದರೆ, ಶಾಲೆಯಲ್ಲಿ ನಾವೆಲ್ಲ ಕಲಿತ ಆ ವಿವರಣೆ ನಿಲ್ಲುವುದಿಲ್ಲ.

ತಾನಾಗಿ ಬರುವ ಆಕಳಿಕೆ ಬೇರೆ, ಇನ್ನೊಬ್ಬರಿಂದ ಬರುವ ಆಕಳಿಕೆ ಬೇರೆ. ಮೊದಲನೆಯದು ಹುಟ್ಟಿನೊಂದಿಗೇ ಇರುತ್ತದೆ. ಎರಡನೆಯದು ಮಕ್ಕಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ನಾಲ್ಕೈದು ವರ್ಷದ ಹೊತ್ತಿಗೆ. ಆಕಳಿಸುವವರ ವಿಡಿಯೊ ತೋರಿಸಿದಾಗ ವಯಸ್ಕರಲ್ಲಿ ಅರ್ಧದಷ್ಟು ಜನ ಕೆಲವೇ ನಿಮಿಷಗಳಲ್ಲಿ ತಾವೂ ಆಕಳಿಸಿದರು. ತೆರೆದ ಬಾಯೇ ಇದಕ್ಕೆ ಕಾರಣವೆಂದು ನಮಗನ್ನಿಸುತ್ತದೆ, ಆದರೆ ಬಾಯಿಯನ್ನಷ್ಟೇ ತೋರಿಸಿದರೆ ಪರಿಣಾಮ ಅಷ್ಟಾಗಿ ಇರುವುದಿಲ್ಲ. ಬಾಯಿಯ ಭಾಗವನ್ನು ಅಳಿಸಿ, ಕಿರಿದಾದ ಕಣ್ಣು ಮತ್ತು ಬಿಗಿದ ಕೆನ್ನೆಯಿರುವ ಮುಖವನ್ನು ತೋರಿಸಿದರೆ ಆಕಳಿಕೆ ಬರುತ್ತದೆ. ಆದ್ದರಿಂದ ಬಾಯಿಗೆ ಕೈ ಅಡ್ಡ ಹಿಡಿಯುವುದು ಸಭ್ಯತೆಯಷ್ಟೇ, ಹರಡುವುದಕ್ಕೆ ತಡೆಯಲ್ಲ. ಆಕಳಿಕೆಯ ಸದ್ದು ಕೇಳಿದರೂ, ಅದರ ಬಗ್ಗೆ ಓದಿದರೂ ಸಾಕಾಗುತ್ತದೆ.

ಕಂಡ ಚಲನೆಯನ್ನು ನಮ್ಮ ಮಿದುಳು ತನಗರಿವಿಲ್ಲದೆ ಅನುಕರಿಸಲು ಸಿದ್ಧವಾಗುವುದೇ ಇದರ ಮೂಲವೆಂದು ತೋರುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2017ರಲ್ಲಿ 36 ವಯಸ್ಕರನ್ನು ಪರೀಕ್ಷಿಸಿದಾಗ, ಸ್ನಾಯುಗಳಿಗೆ ಆದೇಶ ಕೊಡುವ ಮಿದುಳಿನ ಭಾಗ ಯಾರಲ್ಲಿ ಎಷ್ಟು ಸುಲಭವಾಗಿ ಕೆರಳುತ್ತದೆ ಎಂಬುದಕ್ಕೂ ಅವರಿಗೆ ಆಕಳಿಕೆ ಎಷ್ಟು ಬೇಗ ತಗಲುತ್ತದೆ ಎಂಬುದಕ್ಕೂ ಸಂಬಂಧವಿರುವುದು ಕಂಡಿತು. ಆಕಳಿಸಬೇಡಿ ಎಂದು ಹೇಳಿದಾಗ ಅವರಲ್ಲಿ ಆಕಳಿಸುವ ಒತ್ತಡ ಇನ್ನೂ ಹೆಚ್ಚಿತು. ತಡೆಯಬಾರದ 13 ವೇಗಗಳಲ್ಲಿ, ಎಂದರೆ ದೇಹದ ಸಹಜ ಒತ್ತಡಗಳಲ್ಲಿ, ಆಕಳಿಕೆಯನ್ನೂ ಚರಕ ಸಂಹಿತೆ ಸೇರಿಸಿರುವುದನ್ನು ಇಲ್ಲಿ ನೆನೆಯಬಹುದು, ಅಲ್ಲಿ ಹೇಳಿದ ಕಾರಣ ಬೇರೆಯೇ ಆದರೂ.

ಆಕಳಿಕೆ ಹರಡುವುದು ಪ್ರೀತಿಯ, ಸಹಾನುಭೂತಿಯ ಗುರುತು ಎಂಬ ಮಾತು ಈಗ ತುಂಬ ಪ್ರಚಾರದಲ್ಲಿದೆ. ಅದಕ್ಕೆ ಆಧಾರವಿಲ್ಲದಿಲ್ಲ. ಇಟಲಿಯ ಸಂಶೋಧಕರು 2011ರಲ್ಲಿ ವರದಿ ಮಾಡಿದಂತೆ, ಆಕಳಿಕೆ ಹೆಚ್ಚಾಗಿ ತಗಲುವುದು ಬಂಧುಗಳಿಂದ, ಆಮೇಲೆ ಸ್ನೇಹಿತರಿಂದ, ಪರಿಚಿತರಿಂದ, ಕೊನೆಗೆ ಅಪರಿಚಿತರಿಂದ. ಆದರೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 328 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಹಾನುಭೂತಿಗೂ ಇದಕ್ಕೂ ಗಟ್ಟಿ ನಂಟು ಸಿಗಲಿಲ್ಲ; ವಯಸ್ಸು ಹೆಚ್ಚಿದಂತೆ ತಗಲುವುದು ಸ್ವಲ್ಪ ಕಡಿಮೆಯಾಗುವುದು ಮಾತ್ರ ಕಂಡಿತು. ನಮ್ಮವರ ಮುಖವನ್ನು ನಾವು ಹೆಚ್ಚು ಗಮನವಿಟ್ಟು ನೋಡುತ್ತೇವೆ ಎಂಬುದೇ ಇಟಲಿಯ ಫಲಿತಾಂಶಕ್ಕೆ ಬಹುಪಾಲು ಕಾರಣವಿರಬಹುದು ಎಂದು ನನ್ನ ಅಭಿಪ್ರಾಯ. ತಾವು ಆಕಳಿಸಿದಾಗ ಪಕ್ಕದವರು ಆಕಳಿಸಲಿಲ್ಲವೆಂದು ಅವರನ್ನು ಕಲ್ಲುಮನಸ್ಸಿನವರೆಂದು ತಿಳಿಯುವುದು ಅನ್ಯಾಯ.

ಇನ್ನು ಕಾರಿನ ವಿಷಯ. ತಮ್ಮ ಆಕಳಿಕೆ ಓಡಿಸುವವರಿಗೆ ಆಕಳಿಕೆ ತರಿಸಬಹುದು, ನಿದ್ದೆಯನ್ನಲ್ಲ. ಆದರೂ ಮನೆಯವರ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಏಕೆಂದರೆ ರಾತ್ರಿಯಿಡೀ ಎಚ್ಚರವಿದ್ದವರು ಬೆಳಗಿನ ಜಾವ ಯಾರನ್ನೂ ನೋಡದೆ ಪದೇ ಪದೇ ಆಕಳಿಸುತ್ತಿದ್ದರೆ ಅದು ನಿಜವಾದ ತೂಕಡಿಕೆಯ ಸೂಚನೆ. ಒಮ್ಮೆ ಚೆನ್ನಾಗಿ ಆಕಳಿಸಿದರೆ ನಿದ್ದೆ ಹಾರಿಹೋಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿ ನೋಡಿದವರಿಗೆ ಆಕಳಿಕೆಯ ನಂತರ ಎಚ್ಚರ ಹೆಚ್ಚಿದ್ದು ಕಾಣಲಿಲ್ಲ. ಪಕ್ಕದಲ್ಲಿ ಕುಳಿತ ತಾವು ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಿದರೆ, ಇಲ್ಲವೇ ಹಣೆಗೆ ತಣ್ಣೀರಿನ ಬಟ್ಟೆ ಇಟ್ಟುಕೊಂಡರೆ, ಇನ್ನೊಬ್ಬರಿಂದ ತಗಲುವ ಆಕಳಿಕೆ ಬಹಳ ಮಟ್ಟಿಗೆ ನಿಲ್ಲುತ್ತದೆ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ತೋರಿಸಿದೆ. ಓಡಿಸುವವರಿಗೆ ಮಾತ್ರ ಈ ಉಪಾಯವನ್ನು ಹೇಳಿಕೊಡಬೇಡಿ. ಅವರು ಆಕಳಿಸತೊಡಗಿದರೆ ಘಟ್ಟದ ತಿರುವುಗಳು ಶುರುವಾಗುವ ಮೊದಲೇ ವಾಹನ ನಿಲ್ಲಿಸಿ, ಇಪ್ಪತ್ತು ನಿಮಿಷವಾದರೂ ಮಲಗಲು ಬಿಡಿ.