ಫ್ಲೋರೋಕಾರ್ಬನ್ ದಾರಕ್ಕೆ ಯಾವ ಗಂಟು ನಂಬಬಹುದು? ಗಂಟಿನ ಹತ್ತಿರವೇ ಯಾಕೆ ಕಿತ್ತುಹೋಗುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸಿದ್ದಾಪುರದ ಕಡೆ ಕಾವೇರಿಯಲ್ಲಿ ಗಾಳ ಹಾಕುತ್ತೀರಿ. ರೀಲಿನಲ್ಲಿ ಬ್ರೇಡ್ (ಎಳೆಗಳನ್ನು ಹೆಣೆದ ದಾರ) ಇದೆ, ಅದರ ಮುಂದೆ ಹೊಸದಾಗಿ 12 ಪೌಂಡಿನ, ಅಂದರೆ ಅಷ್ಟು ಎಳೆತ ತಡೆಯುವ, ಫ್ಲೋರೋಕಾರ್ಬನ್ ಲೀಡರ್ (ಗಾಳದ ಕಡೆಯ ತುಂಡು ದಾರ) ಹಾಕಿದ್ದೀರಿ. ನೈಲಾನಿಗೆ ಹಾಕುತ್ತಿದ್ದ ಅದೇ ಕ್ಲಿಂಚ್ ಗಂಟು ಇದರಲ್ಲಿ ಮೀನು ಒಮ್ಮೆ ಜಗ್ಗಿದರೆ ಸಾಕು, ಹೋಗುತ್ತಿದೆ. ದಾರ ಕಳಪೆಯೋ, ಗಂಟು ತಪ್ಪೋ ಎಂದು ಕೇಳಿದ್ದೀರಿ.

ದಾರವನ್ನು ದೂರುವ ಮೊದಲು, ವಾಪಸ್ ಬಂದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಸುರುಳಿ ಸುತ್ತಿಕೊಂಡಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ. ಸುರುಳಿಯಿಲ್ಲದೆ ಚೊಕ್ಕವಾಗಿ ಮುರಿದು, ಪಕ್ಕದಲ್ಲಿ ಬೆಳ್ಳಗಾಗಿದ್ದರೆ ಗಂಟು ಬಿಗಿಯುವಾಗಲೇ ದಾರ ಉಜ್ಜಿ ಬಿಸಿಯಾಗಿದೆ, ಇಲ್ಲವೇ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿ ಅದನ್ನು ಒತ್ತಿ ಕತ್ತರಿಸಿದೆ. ಗಂಟಿಗಿಂತ ಒಂದು ಗೇಣು ಮೇಲೆ, ಮೈಯೆಲ್ಲ ತರಚಿ ತುಂಡಾಗಿದ್ದರೆ ಅದು ಬಂಡೆಯ ಕೆಲಸ; ಗಂಟು ಬದಲಿಸಿ ಪ್ರಯೋಜನವಿಲ್ಲ, ಇನ್ನಷ್ಟು ದಪ್ಪದ ಲೀಡರ್ ಬೇಕು. ಕ್ಲಿಂಚ್ ಹಾಕುವವರಿಗೆ ಹೆಚ್ಚಾಗಿ ಸಿಗುವುದು ಮೊದಲ ಎರಡು.

ಕಾರಣ ದಾರದ ಗುಣದಲ್ಲೇ ಇದೆ. ಫ್ಲೋರೋಕಾರ್ಬನ್ ಎಂದರೆ ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪ್ಲಾಸ್ಟಿಕ್. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇದರಿಂದ ಗಾಳದ ದಾರ ಮಾಡಿತು. ಇದರ ಸಾಂದ್ರತೆ 1.78ರ ಆಸುಪಾಸು, ನೈಲಾನಿನದು 1.14. ಆದ್ದರಿಂದ ಬೇಗ ಮುಳುಗುತ್ತದೆ. ನೀರು ಕುಡಿಯುವುದಿಲ್ಲ, ಬಂಡೆಗೆ ಉಜ್ಜಿದರೂ ನೈಲಾನಿಗಿಂತ ಹೆಚ್ಚು ತಡೆಯುತ್ತದೆ. ಆದರೆ ಮೈ ಗಟ್ಟಿ, ಬಾಗುವುದು ಕಡಿಮೆ. ನೈಲಾನ್ ಮೆತ್ತಗಿರುವುದರಿಂದ ಗಂಟು ಬಿಗಿದಾಗ ಸುತ್ತುಗಳು ಒಂದಕ್ಕೊಂದು ಒತ್ತಿ ಕಚ್ಚಿಕೊಳ್ಳುತ್ತವೆ. ಫ್ಲೋರೋಕಾರ್ಬನ್ ಹಾಗೆ ಕಚ್ಚುವುದಿಲ್ಲ. ಅರ್ಧ ಬಿಗಿದರೆ ಜಾರುತ್ತದೆ, ಒಣ ದಾರವನ್ನು ಎಳೆದು ಬಿಗಿದರೆ ಬಿಸಿಯಾಗಿ ಸೊರಗುತ್ತದೆ. ಹಾಗಾಗಿ ಗಂಟಿನ ಹೆಸರಿನಷ್ಟೇ ಅದನ್ನು ಕೂರಿಸುವ ರೀತಿಯೂ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ 12 ಪೌಂಡಿನ ದಾರ ಸುಮಾರು 0.28 ಮಿ.ಮೀ. ಇರುತ್ತದೆ. ಈ ದಪ್ಪಕ್ಕೆ ಮೊದಲ ಆಯ್ಕೆ ಪಾಲೋಮಾರ್. ತುದಿಯ 15 ಸೆಂ.ಮೀ. ದಾರವನ್ನು ಮಡಚಿ, ಜೋಡಿ ದಾರವನ್ನೇ ಗಾಳದ ಕಣ್ಣಿನೊಳಗೆ ತೂರಿಸಿ. ಆ ಜೋಡಿಯಿಂದಲೇ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ. ಮಡಿಕೆಯ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ. ಈಗ ಒದ್ದೆ ಮಾಡಿ, ಮೂಲ ದಾರವನ್ನೂ (ರೀಲಿನ ಕಡೆಯದು) ತುದಿಯನ್ನೂ ಒಟ್ಟಿಗೆ ಹಿಡಿದು ನಿಧಾನವಾಗಿ ಎಳೆಯಿರಿ. ಎರಡು ಕಡೆ ತಪ್ಪಾಗುತ್ತದೆ. ಒಂದು, ಜೋಡಿ ಎಳೆಗಳು ಹೊಸೆದುಕೊಂಡು ಒಂದರ ಮೇಲೊಂದು ಅಡ್ಡ ಬೀಳುವುದು. ಅವು ಕೊನೆಯವರೆಗೂ ಪಕ್ಕಪಕ್ಕದಲ್ಲೇ ಇರಬೇಕು. ಇನ್ನೊಂದು, ಕುಣಿಕೆ ಕಣ್ಣನ್ನು ಪೂರ್ತಿ ದಾಟಿ ಗಂಟಿನ ಬುಡಕ್ಕೆ ಬಾರದೆ ಕಣ್ಣಿನ ಅಂಚಿನಲ್ಲೇ ಸಿಕ್ಕಿಕೊಳ್ಳುವುದು. ಬಿಗಿಯುವಾಗ ಕುಣಿಕೆಯನ್ನು ಉಗುರಿನಿಂದ ತಳ್ಳಿ ಜಾಗಕ್ಕೆ ತಂದರೆ ಇದು ತಪ್ಪುತ್ತದೆ.

ದಾರ 0.37 ಮಿ.ಮೀ. ದಾಟಿದರೆ, ಅಂದರೆ ಸರಿಸುಮಾರು 20 ಪೌಂಡಿನ ಮೇಲೆ, ಜೋಡಿ ದಾರ ಸಣ್ಣ ಕಣ್ಣಿನಲ್ಲಿ ತೂರುವುದೇ ಕಷ್ಟ. ಮೂರು ಮುಳ್ಳಿನ ಗಾಳ ಎರಡೆರಡು ಇರುವ ಉದ್ದನೆಯ ಲೂರನ್ನು (ಕೃತಕ ಎರೆ) ಕುಣಿಕೆಯೊಳಗಿಂದ ದಾಟಿಸುವುದೂ ತಲೆನೋವು. ಅಲ್ಲಿ ನಾನು ಹೇಳುವುದು ಸ್ಯಾನ್ ಡಿಯಾಗೋ ಜಾಮ್. ತುದಿಯನ್ನು ಕಣ್ಣಿನಲ್ಲಿ ತೂರಿಸಿ 20–25 ಸೆಂ.ಮೀ. ಹೊರಗೆ ಬಿಡಿ. ಈ ತುದಿ ಮತ್ತು ಮೂಲ ದಾರ ಎರಡನ್ನೂ ಜೋಡಿಸಿ, ಕಣ್ಣಿನಿಂದ ಏಳೆಂಟು ಸೆಂ.ಮೀ. ಮೇಲೆ ಬೆರಳಲ್ಲಿ ಹಿಡಿಯಿರಿ. ತುದಿಯನ್ನು ಬೆರಳಿನ ಮೇಲಿಂದ ಹಿಂದಕ್ಕೆ ತಿರುಗಿಸಿ, ಎರಡೂ ಎಳೆಗಳನ್ನು ಸೇರಿಸಿ ಗಾಳದ ಕಡೆಗೆ ಇಳಿಯುತ್ತಾ ಸುತ್ತಿ. ತೆಳು ದಾರಕ್ಕೆ ಆರೇಳು ಸುತ್ತು, 20–30 ಪೌಂಡಿಗೆ ಐದು ಸಾಕು. ಕೊನೆಯ ಸುತ್ತಿನ ಕೆಳಗೆ, ಕಣ್ಣಿನ ಹತ್ತಿರ, ಎರಡು ಎಳೆಗಳ ನಡುವಿನ ಸಂದಿಯಲ್ಲಿ ತುದಿಯನ್ನು ಹಾಯಿಸಿ. ಬಳಿಕ ಮೇಲೆ ಬೆರಳಿದ್ದ ಜಾಗದ ಕುಣಿಕೆಯೊಳಗಿಂದ ಹೊರತೆಗೆಯಿರಿ. ಒದ್ದೆ ಮಾಡಿ, ತುದಿಯನ್ನು ಸ್ವಲ್ಪ ಎಳೆದು ಸುತ್ತುಗಳನ್ನು ಸಾಲಾಗಿ ಕೂರಿಸಿ, ಆಮೇಲೆ ಮೂಲ ದಾರ ಎಳೆದರೆ ಗಂಟು ಜಾರಿ ಕಣ್ಣಿಗೆ ಬಂದು ನಿಲ್ಲುತ್ತದೆ.

ನೀವು ಕೇಳದಿದ್ದರೂ ಒಂದು ಮಾತು: ಬಂಡೆಗಳಿರುವ ಹರಿವಿನಲ್ಲಿ ಬಿಳಿ ಮೀನು, ಅಂದರೆ ಮಹಶೀರ್, ಸಿಗುವ ಸಾಧ್ಯತೆ ಇದ್ದರೆ 12 ಪೌಂಡು ಕಡಿಮೆಯಾಯಿತು. 25–30 ಪೌಂಡಿನ ಲೀಡರ್ ಹಾಕಿ. ಕಾವೇರಿಯ ಡುಬ್ಬದ ಮಹಶೀರನ್ನು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಗೆ 2018ರಲ್ಲಿ ಸೇರಿಸಿದ್ದಾರೆ. ದಾರ ಕಿತ್ತುಹೋದರೆ ನಮಗೆ ಒಂದು ಲೂರ್ ನಷ್ಟ. ಮೀನು ಮಾತ್ರ ಬಾಯಲ್ಲಿ ಗಾಳ, ಹಿಂದೆ ಒಂದೆರಡು ಮೀಟರ್ ದಾರ ಎಳೆದುಕೊಂಡು ಬೇರುಗಳ ನಡುವೆ ತಿರುಗಬೇಕು. ಹಿಡಿದು ಬಿಡುವ ಮೀನಿಗೆ ಗಂಟು ಇನ್ನೂ ಗಟ್ಟಿಯಿರಬೇಕು. ಎಲ್ಲಿ ಅನುಮತಿ ಬೇಕು, ಎಲ್ಲಿ ಗಾಳ ಹಾಕಲೇಬಾರದು ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳ ಹೊಳೆಗಳ ಕಡೆಗೆ ಗಾಳ ಹಿಡಿದು ಹೋಗಬೇಡಿ.

ರಾಗಿ ಹಿಟ್ಟಿನ ಉಂಡೆ ಕಟ್ಟಿ ಒಂಟಿ ಗಾಳ ಹಾಕುವವರಿಗೆ ಕಣ್ಣಿಗೆ ಗಂಟು ಹಾಕುವುದಕ್ಕಿಂತ ಗಾಳದ ಕಾಂಡಕ್ಕೇ ದಾರ ಸುತ್ತುವ ಸ್ನೆಲ್ ಒಳ್ಳೆಯದು. ಗಾಳದ ಮೊನೆ ಇರುವ ಕಡೆಯಿಂದ ತುದಿಯನ್ನು ಕಣ್ಣಿನೊಳಗೆ ತೂರಿಸಿ, ಕಾಂಡದ ಉದ್ದಕ್ಕೂ ಮಲಗಿಸಿ, ತಿರುಗಿಸಿ ಒಂದು ಕುಣಿಕೆ ಮಾಡಿ. ತುದಿಯನ್ನು ಕಾಂಡ ಮತ್ತು ಮಲಗಿಸಿದ ದಾರ ಎರಡಕ್ಕೂ ಸೇರಿಸಿ, ಕುಣಿಕೆಯ ಒಳಗಿನಿಂದ ಹಾಯಿಸುತ್ತಾ ಆರೇಳು ಸುತ್ತು ಸುತ್ತಿ. ಮೊದಲು ತುದಿ, ಆಮೇಲೆ ಮೂಲ ದಾರ ಎಳೆದು ಬಿಗಿಯಿರಿ. ಇಲ್ಲಿ ಭಾರ ಬೀಳುವುದು ಕಾಂಡದ ಮೇಲಿನ ಸುತ್ತುಗಳಿಗೆ. ಗಟ್ಟಿ ದಾರಕ್ಕೆ ತೀರಾ ಚಿಕ್ಕ ತಿರುವು ಬರುವುದಿಲ್ಲ, ಆದ್ದರಿಂದ ದಪ್ಪ ಫ್ಲೋರೋಕಾರ್ಬನಿಗೆ ಇದು ಬಹಳ ಹೊಂದುತ್ತದೆ.

ಲೂರ್ ನೀರಿನಲ್ಲಿ ಸರಾಗವಾಗಿ ಆಡಬೇಕಾದರೆ ಜಾರದ ಕುಣಿಕೆ ಗಂಟು ಹಾಕಿ. ತುದಿಯಿಂದ 15–20 ಸೆಂ.ಮೀ. ಬಿಟ್ಟು ಒಂದು ಸಡಿಲ ಸಾದಾ ಗಂಟು ಹಾಕಿ, ತುದಿಯನ್ನು ಲೂರಿನ ಕಣ್ಣಿನಲ್ಲಿ ತೂರಿಸಿ, ಸಾದಾ ಗಂಟಿನಿಂದ ಅದು ಹೊರಬಂದ ಬದಿಯಿಂದಲೇ ಮತ್ತೆ ಒಳಗೆ ತನ್ನಿ. ಮೂಲ ದಾರಕ್ಕೆ 8–12 ಪೌಂಡಾದರೆ ಐದು, 15–40 ಪೌಂಡಾದರೆ ನಾಲ್ಕು ಸುತ್ತು ಹಾಕಿ, ಮತ್ತೆ ಅದೇ ಸಾದಾ ಗಂಟಿನೊಳಗೆ ಇಳಿಸಿ ಬಿಗಿಯಿರಿ. ದಪ್ಪ ಹೆಚ್ಚಾದಂತೆ ಸುತ್ತು ಕಡಿಮೆ, ಏಕೆಂದರೆ ಹೆಚ್ಚು ಸುತ್ತು ಹಾಕಿದ ದಪ್ಪ ದಾರ ಪೂರ್ತಿ ಬಿಗಿಯುವುದೇ ಇಲ್ಲ. ಬಿಗಿಯದ ಗಂಟು ಮೀನು ಎಳೆದಾಗ ಬಿಗಿಯತೊಡಗುತ್ತದೆ, ಆಗ ಉಜ್ಜಿ ಸೊರಗುತ್ತದೆ.

ಬ್ರೇಡಿಗೂ ಲೀಡರಿಗೂ ನಡುವಿನ ಜೋಡಣೆಯ ವಿಷಯಕ್ಕೆ ಬರೋಣ. ಎಫ್‌ಜಿ ಗಂಟು ತೆಳ್ಳಗೆ ಕೂರುತ್ತದೆ, ರಾಡಿನ ಬಳೆಗಳಲ್ಲಿ ತಟ್ಟದೆ ಹೋಗುತ್ತದೆ. ಕಲಿಯಲು ತಾಳ್ಮೆ ಬೇಕು. ಬ್ರೇಡನ್ನು ರಾಡಿಗೆ ಕಟ್ಟಿಯೋ ಹಲ್ಲಲ್ಲಿ ಕಚ್ಚಿಯೋ ಬಿಗಿಯಾಗಿ ಹಿಡಿದು, ಅದರ ತುದಿಯನ್ನು ಲೀಡರಿನ ಮೇಲೆ ಒಮ್ಮೆ ಆಚೆಯಿಂದ, ಒಮ್ಮೆ ಈಚೆಯಿಂದ, ಒಟ್ಟು 20 ಸಲ ಹೆಣೆಯಬೇಕು. ಎರಡೂ ದಾರ ಸೇರಿಸಿ ಮೂರು ನಾಲ್ಕು ಅರ್ಧ ಗಂಟು ಹಾಕಿ, ಕೈಗೆ ಬಟ್ಟೆ ಸುತ್ತಿಕೊಂಡು ಜೋರಾಗಿ ಎಳೆಯಿರಿ. ಹೆಣಿಗೆ ಲೀಡರಿಗೆ ಕಚ್ಚಿಕೊಂಡಾಗ ಬ್ರೇಡಿನ ಬಣ್ಣ ಗಾಢವಾಗುತ್ತದೆ. ಆ ಬದಲಾವಣೆ ಕಾಣದಿದ್ದರೆ ಗಂಟು ಕೂತಿಲ್ಲ, ನಾಲ್ಕನೇ ಮೀನಿಗೋ ಐದನೆಯದಕ್ಕೋ ಜಾರುತ್ತದೆ. ಕೂತ ಮೇಲೆ ಲೀಡರಿನ ತುದಿಯನ್ನು ಒಂದೆರಡು ಮಿ.ಮೀ. ಬಿಟ್ಟು ಕತ್ತರಿಸಿ, ಬರೀ ಬ್ರೇಡಿನ ಮೇಲೆ ಇನ್ನೂ ನಾಲ್ಕು ಅರ್ಧ ಗಂಟು ಹಾಕಿ. ಹೊಳೆದಂಡೆಯಲ್ಲಿ, ಗಾಳಿಯಲ್ಲಿ, ಮಬ್ಬು ಬೆಳಕಿನಲ್ಲಿ ಇದನ್ನು ಹಾಕಲು ಹೋಗಬೇಡಿ. ಅಲ್ಲಿಗೆ ಜೋಡಿ ಯೂನಿ ಸಾಕು: ಬ್ರೇಡಿನ ಕಡೆ ಎಂಟು ಸುತ್ತು, ಫ್ಲೋರೋಕಾರ್ಬನ್ ಕಡೆ ನಾಲ್ಕು. ಬ್ರೇಡ್ ತೆಳ್ಳಗೆ, ನುಣುಪು. ಸುತ್ತು ಕಡಿಮೆಯಾದರೆ ಅದೇ ಮೊದಲು ಜಾರುವುದು.

ಈಗ ಬಿಗಿಯುವ ವಿಷಯ, ಎಲ್ಲ ಗಂಟಿಗೂ ಒಂದೇ. ಎಂಜಲು ಅಥವಾ ಹೊಳೆ ನೀರು ಹಚ್ಚಿ. ಒಮ್ಮೆಲೇ ಜಗ್ಗಬೇಡಿ, ಒಂದೇ ಸಮನೆ ನಿಧಾನವಾಗಿ ಎಳೆಯಿರಿ. ಗಂಟು ಜಾಗಕ್ಕೆ ಕೂತ ಮೇಲೆ ಕೊನೆಯ ಬಿಗಿತವನ್ನು ಗಟ್ಟಿಯಾಗಿ ಕೊಡಿ. ಬೆಳ್ಳಗಾಗಿದ್ದರೆ, ಸುತ್ತು ಅಡ್ಡ ಬಿದ್ದಿದ್ದರೆ ಮುಲಾಜಿಲ್ಲದೆ ಕತ್ತರಿಸಿ ಮತ್ತೆ ಹಾಕಿ. ತುದಿಯನ್ನು ಉಗುರು ಕತ್ತರಿಯಿಂದ 2 ಮಿ.ಮೀ. ಬಿಟ್ಟು ಕತ್ತರಿಸಿ. ಲೈಟರಿನಿಂದ ಸುಟ್ಟು ಉಂಡೆ ಮಾಡುವ ಅಭ್ಯಾಸ ಕೆಲವರಿಗಿದೆ, ಅದು ಬೇಡವೇ ಬೇಡ. ಗಂಟಿನ ಬುಡ ಬಿಸಿಗೆ ಸೊರಗುತ್ತದೆ, ಮೇಲಾಗಿ ಈ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ. ತೋಟದಲ್ಲಿ ಕಸ ಸುಡುವ ಬೆಂಕಿಗೂ ದಾರದ ಚೂರು ಹಾಕಬೇಡಿ.

ಯಾವ ಗಂಟು ನಿಮ್ಮ ಕೈಗೆ ಹೊಂದುತ್ತದೆ ಎಂದು ಮನೆಯಲ್ಲೇ ತಿಳಿಯಬಹುದು. ಅರ್ಧ ಮೀಟರ್ ಲೀಡರಿನ ಎರಡು ತುದಿಗೆ ಎರಡು ಸ್ವಿವೆಲ್ (ತಿರುಗುವ ಲೋಹದ ಕೊಂಡಿ), ಒಂದಕ್ಕೆ ಪಾಲೋಮಾರ್, ಇನ್ನೊಂದಕ್ಕೆ ನಿಮ್ಮ ಹಳೆಯ ಕ್ಲಿಂಚ್. ಒಂದನ್ನು ಮೊಳೆಗೆ ಸಿಕ್ಕಿಸಿ ಇನ್ನೊಂದನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಗಾಳ ಕಟ್ಟಿ ಈ ಪರೀಕ್ಷೆ ಮಾಡಬೇಡಿ. ಹತ್ತಾರು ಸಲ ಮಾಡಿದರೆ ಯಾವುದು ಮೊದಲು ಹೋಗುತ್ತದೆ, ಎಷ್ಟು ಕಿಲೋಗೆ ಹೋಗುತ್ತದೆ ಎಂಬುದು ನಿಮ್ಮ ಕಣ್ಣೆದುರೇ ಇರುತ್ತದೆ.

ಮಳೆಗಾಲದ ಕೆಂಪು ನೀರಿಗೆ ಫ್ಲೋರೋಕಾರ್ಬನ್ ಬೇಕೆಂದೇನಿಲ್ಲ. ಇದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) 1.42, ನೀರಿನದು 1.33. ನೈಲಾನಿಗಿಂತ ಹತ್ತಿರವಿರುವುದರಿಂದ ತಿಳಿನೀರಿನಲ್ಲಿ ಕಡಿಮೆ ಕಾಣುತ್ತದೆ, ಕೆಸರಿನಲ್ಲಿ ಆ ಲಾಭವಿಲ್ಲ. ಮಳೆ ನಿಂತು ಹೊಳೆ ತಿಳಿಯಾದ ಮೇಲೆ, ಅಥವಾ ಹಾರಂಗಿ ಜಲಾಶಯದಂಥ ನಿಂತ ನೀರಿನಲ್ಲಿ ಇದರ ಬೆಲೆ ತಿಳಿಯುತ್ತದೆ. ತೋಟದ ಕೆರೆಯಲ್ಲಿ ಮುರೆಲ್ (ಹಾವಿನಂಥ ತಲೆಯ ಮೀನು) ಹಿಡಿಯುವವರು ಪ್ರತಿ ಮೀನಿನ ನಂತರ ಗಂಟಿನಿಂದ ಮೇಲಕ್ಕೆ 30 ಸೆಂ.ಮೀ. ದಾರವನ್ನು ಬೆರಳ ನಡುವೆ ಜಾರಿಸಿ ನೋಡಬೇಕು, ಅದರ ಹಲ್ಲು ಚೂಪು. ಒರಟು ತಾಗಿದರೆ ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಿ.

ಕೊನೆಯದು ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ರೀಲು ದಾರ ಬಿಟ್ಟುಕೊಡುವ ಬಿಗಿತ. 12 ಪೌಂಡು ಎಂದರೆ 5.4 ಕಿಲೋ. ಡ್ರ್ಯಾಗನ್ನು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ, ಅಂದರೆ 1.4ರಿಂದ 1.8 ಕಿಲೋಗೆ, ಅದೇ ತಕ್ಕಡಿಯಿಂದ ಎಳೆದು ನೋಡಿ ಹೊಂದಿಸಿ. ಇಷ್ಟು ಮಾಡಿದ ಮೇಲೂ ಗಂಟಿನ ಬಳಿಯೇ ಚೊಕ್ಕವಾಗಿ ತುಂಡಾಗುತ್ತಿದ್ದರೆ, ಗಾಳದ ಕಣ್ಣಿನ ಒಳ ಅಂಚನ್ನು ಸೂಜಿಯಿಂದ ಸವರಿ ನೋಡಿ. ಅಗ್ಗದ ಗಾಳಗಳಲ್ಲಿ ಕಣ್ಣು ಸರಿಯಾಗಿ ಮುಚ್ಚಿರದೆ ಅಲ್ಲಿನ ಹರಿತ ಅಂಚೇ ದಾರವನ್ನು ಕೊಯ್ಯುತ್ತಿರುತ್ತದೆ.